ಪಾತ್ರೆಯ ಮೇಲೆ ಅಂಗೈ

ಈ ಮಳೆ ಇವತ್ತು ರಾತ್ರಿ ಬಿಡುವ ಹಾಗೆ ಕಾಣುವುದಿಲ್ಲ. ಒಲೆಯ ಹತ್ತಿರ ಸರಿದು ಕೂತುಕೊಳ್ಳಿ. ಹಲಸಿನ ಬೀಜ ಕೆಂಡದಲ್ಲಿ ಸುಟ್ಟು ಆಗುವಷ್ಟರಲ್ಲಿ ನಮ್ಮ ದೊಡ್ಡ ಮಾವನ ಒಂದು ಸಂಗತಿ ಹೇಳುತ್ತೇನೆ. ನಿಮ್ಮಲ್ಲಿ ಅವರನ್ನು ಕಂಡವರು ಯಾರೂ ಇಲ್ಲ.

1970ರ ದಶಕದ ಮಾತು. ಮಂಗಳೂರು. ನನಗೆ ದೃಢೀಕರಣವಾಗಿ ಮೊದಲ ಸಲ ಕರ್ತನ ಭೋಜನಕ್ಕೆ ಹೋದ ಈಸ್ಟರ್ ಆದಿತ್ಯವಾರ. ಬಿಳಿ ಅಂಗಿ ತೊಟ್ಟು ಕಟಕಟೆಯ ಮುಂದೆ ಮೊಣಕಾಲೂರಿದ್ದೆ. ನನ್ನ ಎಡಗಡೆಗೆ ದೊಡ್ಡ ಮಾವ. ಅವತ್ತು ನನಗೆಷ್ಟು ದೊಡ್ಡ ದಿನವೋ ಅವರಿಗೂ ಅಷ್ಟೇ ದೊಡ್ಡ ದಿನ. ಕುಡಿತದ ಕಾರಣಕ್ಕೆ ಸಭೆ ಅವರನ್ನು ಭೋಜನದಿಂದ ದೂರ ಇಟ್ಟಿತ್ತು. ನಮ್ಮ ಹಳೆಯ ಸಭೆಗಳಲ್ಲಿ ಆ ಶಿಸ್ತು ಬಹಳ ಬಿಗಿ. ಕುಡಿತ ಬಿಟ್ಟು ಕಾಲ ಕಳೆದ ಮೇಲೆ, ಹಿರಿಯರು ವಿಚಾರಿಸಿ, ಆ ಈಸ್ಟರಿಗೆ ಅವರನ್ನು ಮತ್ತೆ ಸೇರಿಸಿಕೊಂಡಿದ್ದರು. ಹಿಂದಿನ ಬೆಂಚಿನಲ್ಲಿ ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ನೋಡುತ್ತಿದ್ದರು.

ಸಭೆಯ ಪಾಲಕರಾದ ಅಯ್ಯನವರು ರೊಟ್ಟಿ ಕೊಡುತ್ತ ಬಂದರು. ಮಾವ ಎರಡೂ ಅಂಗೈ ಸೇರಿಸಿ ತೆಗೆದುಕೊಂಡರು. ಹಿಂದೆಯೇ ಪಾತ್ರೆ ಬಂತು. ಆಗೆಲ್ಲ ನಮ್ಮಲ್ಲಿ ಹುಳಿ ಬಂದ ನಿಜವಾದ ದ್ರಾಕ್ಷಾರಸವೇ. ಒಂದೇ ಪಾತ್ರೆ, ಎಲ್ಲರ ತುಟಿಗೂ ಅದೇ. ಅದು ಹತ್ತಿರ ಬರುವ ಮೊದಲೇ ಪರಿಮಳ ಬರುತ್ತಿತ್ತು. ಮಾವನ ಉಸಿರು ಒಮ್ಮೆ ನಿಂತದ್ದು ನನಗೆ ಕೇಳಿಸಿತು. ಪಾತ್ರೆ ತುಟಿಯ ಹತ್ತಿರ ಬಂದಾಗ ಅವರು ಬಲಗೈ ಎತ್ತಿ ಅದರ ಬಾಯಿಯ ಮೇಲೆ ಅಂಗೈ ಇಟ್ಟರು. ತಳ್ಳಲಿಲ್ಲ, ಮುಖ ತಿರುಗಿಸಲಿಲ್ಲ. ತಲೆ ಬಗ್ಗಿಸಿಕೊಂಡೇ ಮುಚ್ಚಿ ಹಿಡಿದರು. ಅಯ್ಯನವರು ಒಂದು ಕ್ಷಣ ನಿಂತು, ನನ್ನ ಮುಂದೆ ಬಂದರು.

ಎಷ್ಟೋ ಕಾಲ ಕಾದು ಪಡೆದುಕೊಂಡ ಭೋಜನ. ಅದರ ಅರ್ಧವನ್ನು ಬೇಡ ಎಂದರಲ್ಲ! ಆರಾಧನೆ ಮುಗಿದು ಅಂಗಳಕ್ಕೆ ಬರುವಷ್ಟರಲ್ಲಿ ಸುದ್ದಿ ಎಲ್ಲರ ಬಾಯಲ್ಲೂ ಇತ್ತು.

ಮಾವ ಏನು ಮನುಷ್ಯ ಎಂದು ಹೇಳದೆ ಮುಂದಿನದು ನಿಮಗೆ ತಿಳಿಯದು. ನಮ್ಮ ಹಿರಿಯರು ತಾಳೆಮರ ಹತ್ತಿ ಕಳ್ಳು ಇಳಿಸುವ ಮೂರ್ತೆ ಕೆಲಸದವರು. ಜೀವವನ್ನು ಕೈಯಲ್ಲಿ ಹಿಡಿದು ಮಾಡುವ ಕಷ್ಟದ ದುಡಿಮೆ ಅದು, ಅದರಲ್ಲಿ ಕೀಳೆನ್ನುವುದಕ್ಕೆ ಏನೂ ಇಲ್ಲ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಈ ಕಡೆ ಕ್ರೈಸ್ತರಾದವರಲ್ಲಿ ಬಿಲ್ಲವರೇ ಹೆಚ್ಚು. ಕಳ್ಳಿನ ಕೆಲಸ ಮಿಶನಿಗೆ ಒಪ್ಪಿಗೆಯಿರಲಿಲ್ಲ. ಮರ ಇಳಿದವರಿಗೆ ಬೇರೆ ಅನ್ನದ ದಾರಿ ಬೇಕಿತ್ತು. ನೇಯ್ಗೆ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆ ಹಾಕಿದರು. ಹಾಗೆ ನಮ್ಮ ಮನೆತನ ಮರದಿಂದ ಮಣ್ಣಿಗೆ ಬಂತು. ಮಾವನ ಕಾಲಕ್ಕೆ ನೇತ್ರಾವತಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆಗಳು ಬಹಳ ಇದ್ದವು. ಅಂಥ ಒಂದರಲ್ಲಿ ಮಾವನಿಗೆ ಭಟ್ಟಿಗೆ ಬೆಂಕಿ ಕೊಡುವ ಕೆಲಸ. ಹಗಲು ರಾತ್ರಿ ಸೌದೆ ನೂಕುತ್ತಲೇ ಇರಬೇಕು, ಉರಿಯ ಬಣ್ಣ ನೋಡಿ ಹಂಚು ಬೆಂದಿತೋ ಇಲ್ಲವೋ ಹೇಳಬೇಕು. ಕೆಲಸ ಬಿಟ್ಟು ಹೊರಗೆ ಬಂದಾಗ ನಾಲಿಗೆ ಅಂಗುಳಿಗೆ ಅಂಟಿರುತ್ತದೆ. ಬಟವಾಡೆ ಶನಿವಾರ. ಗೇಟಿನಿಂದ ಮನೆಗೆ ಬರುವ ದಾರಿಯಲ್ಲೇ ಕಳ್ಳಿನ ಗಡಂಗು, ಅದರಾಚೆ ಸಾರಾಯಿ ಅಂಗಡಿ.

ಮದ್ರಾಸಿನ ಆಡಳಿತದಲ್ಲಿದ್ದಾಗ, 1948ರ ಹೊತ್ತಿಗೆ, ಈ ಜಿಲ್ಲೆಗೂ ಪಾನನಿರೋಧ ಬಂದಿತ್ತು. ಮಾವ ಕುಡಿತ ಕಲಿತದ್ದು ಆ ನಿರೋಧದ ಕಾಲದಲ್ಲೇ, ಕಳ್ಳಭಟ್ಟಿಯಿಂದ. ಅರವತ್ತರ ದಶಕ ಮುಗಿಯುವ ಮೊದಲು ನಿರೋಧ ಹೋಗಿ ಅಂಗಡಿಗಳು ಬಾಗಿಲು ತೆರೆದವು. ಮನೆಯ ತಾಮ್ರದ ಹಂಡೆ ಒತ್ತೆಗೆ ಹೋಯಿತು, ಅತ್ತೆಯ ಬೆಂಡೋಲೆ ಹೋಯಿತು. ಆ ವರ್ಷಗಳನ್ನು ನಾನು ಬಿಡಿಸಿ ಹೇಳುವುದಿಲ್ಲ. ಅತ್ತೆ ಹೇಳಿಕೊಂಡವರಲ್ಲ.

ಬಿಟ್ಟ ಮೇಲೆ ಮಾವ ಬದುಕಿದ ರೀತಿ ಇದೆಯಲ್ಲ, ನನಗೆ ಹೇಳಬೇಕಾದ್ದು ಅದು. ತಾನು ಗಟ್ಟಿಗ ಎಂದು ಅವರು ಒಂದು ದಿನವೂ ನಂಬಲಿಲ್ಲ. ಬಟವಾಡೆಯ ಹೊತ್ತಿಗೆ ಅತ್ತೆ ಗೇಟಿನ ಹತ್ತಿರ ನಿಂತಿರುತ್ತಿದ್ದರು, ಸಂಬಳದ ಹಣ ಅಲ್ಲೇ ಅವರ ಕೈಗೆ. ಮಾವನ ಕಿಸೆಯಲ್ಲಿ ಚಿಲ್ಲರೆ ಕಾಸೂ ಇರುತ್ತಿರಲಿಲ್ಲ. ಕೆಲಸ ಬಿಡುವ ಮೊದಲು ಒಳಗೇ ಕೂತು, ಬುತ್ತಿಯಲ್ಲಿ ಉಳಿಸಿಟ್ಟ ಗಂಜಿ ಉಂಡು, ಚೊಂಬು ತುಂಬ ನೀರು ಕುಡಿದು ಹೊರಡುತ್ತಿದ್ದರು. ಗಡಂಗಿನ ದಾರಿ ಬಿಟ್ಟು ರೈಲು ಹಳಿಯ ಬದಿಯಲ್ಲಿ ಸುತ್ತು ಹಾಕಿ ಮನೆ ಸೇರುತ್ತಿದ್ದರು. ಸಂಜೆಯ ಆ ಒಂದು ಗಂಟೆ ಒಬ್ಬರೇ ಕೂರುತ್ತಿರಲಿಲ್ಲ. ಪಕ್ಕದ ಮನೆಯ ದರ್ಜಿಯ ಜಗಲಿಯಲ್ಲಿ ಕೂತು, ಆತ ಹೊಲಿಯುತ್ತ ಹೇಳಿಕೊಟ್ಟ ಸತ್ಯವೇದದ ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು. ಮಾವನಿಗೆ ಓದು ಅಷ್ಟಕ್ಕಷ್ಟೆ.

ಒಂದು ಮಳೆಗಾಲದ ರಾತ್ರಿ ಬಚ್ಚಲೊಲೆಯ ಮುಂದೆ ನಾನು ಕೇಳಿಯೇ ಬಿಟ್ಟೆ. “ಮಾವಾ, ದೇವರು ಬಿಡಿಸಿದ್ದಾನೆ ಅಂತ ನೀವೇ ಹೇಳ್ತೀರಿ. ಮತ್ತೆ ಗಡಂಗಿನ ಎದುರು ಹೋಗ್ಲಿಕ್ಕೆ ಹೆದರಿಕೆ ಯಾಕೆ?”

ಒತ್ತೆಯಿಂದ ಬಿಡಿಸಿ ತಂದ ಹಂಡೆ ಒಲೆಯ ಮೇಲಿತ್ತು. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು:

“ಯೋಸೇಫ ಎಂತ ಮಾಡಿದ? ಪೋಟೀಫರನ ಹೆಂಡತಿ ಬಟ್ಟೆ ಹಿಡಿದಾಗ ನಿಂತು ಪ್ರಾರ್ಥನೆ ಮಾಡಿದ್ನಾ? ಬಟ್ಟೆ ಅವಳ ಕೈಯಲ್ಲೇ ಬಿಟ್ಟು ಓಡಿದ. ಆ ಓಟವೇ ಅವನ ಭಕ್ತಿ, ಮಗಾ. ಪೌಲ ಬರೆದದ್ದು ಗೊತ್ತುಂಟಲ್ಲ, ಶೋಧನೆ ಬಂದಾಗ ದೇವರು ತಪ್ಪಿಸಿಕೊಳ್ಳುವ ದಾರಿಯನ್ನೂ ಇಡ್ತಾನೆ ಅಂತ. ನಂಗೆ ಇಟ್ಟದ್ದು ರೈಲು ಹಳಿಯ ಬದಿಯ ದಾರಿ. ಅದನ್ನು ಬಿಟ್ಟು ಗಡಂಗಿನ ಮುಂದೆ ಹೋಗಿ, ನನ್ನ ಕಾಪಾಡು ಅಂತ ಕೇಳಿದ್ರೆ ಅದು ದೇವರನ್ನು ಪರೀಕ್ಷೆ ಮಾಡಿದ ಹಾಗೆ.”

ಗಂಜಿಯ ಮಾತೂ ಅವತ್ತೇ ಬಂತು. ಯೇಸು ಅಡವಿಯಲ್ಲಿ 40 ದಿನ ಉಪವಾಸವಿದ್ದು ಹಸಿದಾಗಲೇ ಅಲ್ಲವೇ ಶೋಧಕ ಬಂದದ್ದು, ಅದೂ ಮೊದಲಿಗೆ ರೊಟ್ಟಿಯ ಮಾತು ತೆಗೆದು? ಹಸಿವು, ದಣಿವು, ಒಂಟಿತನ, ಈ ಮೂರು ಸೇರುವ ಹೊತ್ತನ್ನು ನೋಡಿಕೊಂಡೇ ಅವನು ಬರುವುದು ಎಂದರು ಮಾವ. ಕರ್ತನು ಆ ಹಸಿವಿನಲ್ಲೂ ನಿಂತ. ನಾನು ಕರ್ತನಲ್ಲ, ಆದ್ದರಿಂದ ಉಂಡು ಹೊರಡುತ್ತೇನೆ ಎಂದರು. ಅವರ ಬಾಯಿಪಾಠದ ಅರ್ಥವೂ ನನಗೆ ಆಮೇಲೆ ಹೊಳೆಯಿತು. ಮತ್ತಾಯನ ನಾಲ್ಕನೆಯ ಅಧ್ಯಾಯ ತೆಗೆದು ನೋಡಿ. ಮೂರು ಸಲವೂ ಯೇಸು ಕೊಟ್ಟ ಉತ್ತರ ಧರ್ಮೋಪದೇಶಕಾಂಡದ್ದು. ಹೊಸ ವಾದ ಹೂಡಲಿಲ್ಲ. ಚಿಕ್ಕಂದಿನಿಂದ ಬಾಯಿಗೆ ಬಂದದ್ದನ್ನು ಹೇಳಿದ, ಅಷ್ಟೇ. ನಾಲಿಗೆ ಒಣಗಿದ ಹೊತ್ತಿನಲ್ಲಿ ಯೋಚನೆ ಮಾಡುವುದಕ್ಕಾಗುವುದಿಲ್ಲ. ಆಗ ಬಾಯಿಗೆ ತಾನಾಗಿ ಬರುವುದು ಏನಿದೆಯೋ ಅದೇ ಕೈ ಹಿಡಿಯಬೇಕು. ಸಂಡೇ ಸ್ಕೂಲಿನಲ್ಲಿ ನಿಮಗೆ ವಾಕ್ಯ ಉರು ಹೊಡೆಸುವಾಗ ಮುಖ ಸಿಂಡರಿಸುತ್ತೀರಲ್ಲ, ಅದಕ್ಕೇ ಇದನ್ನು ಹೇಳಿದೆ.

ಈಗ ಪಾತ್ರೆಯ ಸಂಗತಿಗೆ ಬರುತ್ತೇನೆ. ಆ ಈಸ್ಟರಿನ ಮಧ್ಯಾಹ್ನ ಹಿರಿಯರು ಕೂಡಿದರು. ಒಬ್ಬರಿಗಂತೂ ತಡೆಯಲಾರದಷ್ಟು ಸಿಟ್ಟು. ನಿಷ್ಠೆಯ ಮನುಷ್ಯರು. ಮಾವನನ್ನು ಭೋಜನದಿಂದ ದೂರ ಇಡಬೇಕೆಂದು ಹಿಂದೆ ಮೊದಲು ಹೇಳಿದವರೂ ಅವರೇ. ಕರ್ತನು ಎಲ್ಲರೂ ಕುಡಿಯಿರಿ ಎಂದು ಕೊಟ್ಟ ಪಾತ್ರೆಯನ್ನು ಮುಚ್ಚುವುದೆಂದರೆ ಏನು? ಅದರಿಂದ ಕೇಡು ಬರುತ್ತದೆ ಎನ್ನುವುದು ಅಪನಂಬಿಕೆಯಲ್ಲವೇ? ಅವರ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದಲ್ಲ. ಸಂಸ್ಕಾರವನ್ನು ಅಷ್ಟು ಗಂಭೀರವಾಗಿ ಎಣಿಸುವವರು ಈಗ ಎಷ್ಟು ಮಂದಿ ಇದ್ದಾರೆ?

ಸಂಜೆ ಅಯ್ಯನವರು ಮನೆಗೆ ಬಂದರು. ಅತ್ತೆ ಚಹಾ ಇಟ್ಟು ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತರು. ನಾನು ಜಗಲಿಯ ಮೆಟ್ಟಿಲಲ್ಲಿದ್ದೆ.

“ನೀವು ಹೇಳದಿದ್ರೆ ನಾನು ಕೇಳುದಿಲ್ಲ” ಎಂದರು ಅಯ್ಯನವರು.

ಮಾವ ಎದ್ದು ನಿಂತು ಹೇಳಿದರು: “ಅಯ್ಯನವರೇ, ಅದರಲ್ಲಿರುದು ಯಾರ ರಕ್ತ ಅಂತ ನನ್ನ ಮನಸ್ಸಿಗೆ ಗೊತ್ತುಂಟು. ನನ್ನ ನಾಲಿಗೆಗೆ ಗೊತ್ತಿಲ್ಲ. ಅದಕ್ಕೆ ಅದು ಬರೀ ಮದ್ಯ. ರೊಟ್ಟಿಯಲ್ಲಿ ಕರ್ತನು ಪೂರ್ತಿ ಸಿಕ್ಕಿದ್ದಾನೆ, ನಂಗೆ ಕಡಿಮೆ ಆಗ್ಲಿಲ್ಲ. ನನ್ನ ಕೈ ಅಡ್ಡ ಹೋದದ್ದು ಅವನಿಗಲ್ಲ, ನನ್ನ ನಾಲಿಗೆಗೆ.”

ಅಯ್ಯನವರು ಬಹಳ ಹೊತ್ತು ತಲೆ ತಗ್ಗಿಸಿ ಕೂತರು. ಮಾವನನ್ನು ಕೂರಿಸಿ, ಅವರ ಕೈ ಹಿಡಿದು ಪ್ರಾರ್ಥನೆ ಮಾಡಿದರು. ಹೊರಡುವಾಗ ಬಾಗಿಲಿನ ಕಡೆ ತಿರುಗಿ, “ಅಕ್ಕಾ, ಒಣದ್ರಾಕ್ಷಿ ನೆನೆಸಿ ಕುದಿಸಿ ರಸ ತೆಗೀಲಿಕ್ಕೆ ಬರ್ತದಾ ನಿಮಗೆ?” ಎಂದು ಕೇಳಿದರು.

ಮುಂದಿನ ಹಿರಿಯರ ಕೂಟದಲ್ಲಿ ಅಯ್ಯನವರು ರೋಮಾಪುರದವರಿಗೆ ಪೌಲ ಬರೆದ ಪತ್ರದ ಹದಿನಾಲ್ಕನೆಯ ಅಧ್ಯಾಯವನ್ನು ಪೂರ್ತಿ ಓದಿದರಂತೆ. ತಾನು ತಿನ್ನುವುದೋ ಕುಡಿಯುವುದೋ ಸಹೋದರನಿಗೆ ಎಡವುಗಲ್ಲಾಗುವುದಾದರೆ ಅದನ್ನು ಬಿಡುವುದೇ ಒಳ್ಳೆಯದು ಎಂದು ಅಪೊಸ್ತಲನು ಹೇಳುವ ಭಾಗ. ಒಬ್ಬನಿಗೋಸ್ಕರ ಸಭೆಯ ಪದ್ಧತಿ ಬದಲಾಗಬೇಕೇ ಎಂಬ ಪ್ರಶ್ನೆ ಬಂತು. ಒಬ್ಬನಿಗೋಸ್ಕರವೇ ಎಂದರು ಅಯ್ಯನವರು. ಸಿಟ್ಟಾಗಿದ್ದ ಹಿರಿಯರು ಒಪ್ಪಲಿಲ್ಲ. ಆದರೆ ಹೆಚ್ಚಿನವರು ಒಪ್ಪಿದರು.

ಬೇರೆ ದೇಶಗಳಲ್ಲೂ ಜನ ಇದೇ ದಾರಿ ಹುಡುಕಿದ್ದರು ಎಂದು ನಾನು ಮುಂದೆ ಓದಿ ತಿಳಿದೆ. ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ ಥಾಮಸ್ ವೆಲ್ಚ್ ಎಂಬ ದಂತವೈದ್ಯ ಮೆಥಡಿಸ್ಟ್ ಸಭೆಯ ಭೋಜನದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಪಾಶ್ಚರನ ಕಾಯಿಸುವ ವಿಧಾನವನ್ನು ದ್ರಾಕ್ಷಿಯ ರಸಕ್ಕೆ ಹಚ್ಚಿ, ಹುಳಿ ಬಾರದ ಹಾಗೆ ಅದನ್ನು ಬಾಟಲಿಯಲ್ಲಿ ಇಡುವುದನ್ನು 1869ರಲ್ಲಿ ಸಾಧಿಸಿದ. ಉದ್ದೇಶ ಭೋಜನದ ಪಾತ್ರೆಯೇ. ಮೊದಮೊದಲು ಸಭೆಗಳು ಅದನ್ನು ಅಷ್ಟಾಗಿ ಕೊಳ್ಳಲಿಲ್ಲ. ಹಾಗೆಯೇ 1935ರಲ್ಲಿ ಒಹಾಯೊದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತದ್ದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ನನ್ನಿಂದಾಗದು ಎಂದು ಒಪ್ಪಿಕೊಳ್ಳುವುದು ಅಲ್ಲಿಯ ಮೊದಲ ಹೆಜ್ಜೆ, ಇವತ್ತಿನ ಒಂದು ದಿನವನ್ನು ಮಾತ್ರ ನೋಡಿಕೊಳ್ಳುವುದು ಅಲ್ಲಿಯ ರೂಢಿ. ಮಾವ ಆ ಹೆಸರನ್ನು ಕೇಳಿದವರಲ್ಲ. ಅವರು ದರ್ಜಿಯ ಜಗಲಿಯಲ್ಲಿ ಅದನ್ನೇ ಮಾಡುತ್ತಿದ್ದರು.

ಪೆಂತೆಕೋಸ್ತ್ ಹಬ್ಬಕ್ಕೆ ಅತ್ತೆಯ ಕೈಯ ರಸ ಪಾತ್ರೆಗೆ ಬಂತು. ಶನಿವಾರ ರಾತ್ರಿ ಒಣದ್ರಾಕ್ಷಿ ತೊಳೆದು ನೆನೆಸಿ, ಬೆಳಗ್ಗೆ ಕೋಳಿ ಕೂಗುವ ಮೊದಲು ಎದ್ದು ಕುದಿಸಿ, ಬಿಳಿ ಬಟ್ಟೆಯಲ್ಲಿ ಹಿಂಡಿ ಸೋಸಿದರು. ಗಂಡನ ಕುಡಿತಕ್ಕೆ ಮನೆಯ ಪಾತ್ರೆ ಪರಡಿ ಕಳೆದುಕೊಂಡ ಹೆಂಗಸು ಇಡೀ ಸಭೆ ಕುಡಿಯುವ ಪಾತ್ರೆಯನ್ನು ತುಂಬಿದ್ದು ಅವತ್ತು. ಮಾವ ಕುಡಿದರು. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆರಾಧನೆಯ ಕೊನೆಗೆ ಅಯ್ಯನವರು, ಯಾರಾದರೂ ಸಾಕ್ಷಿ ಹೇಳುವುದಿದ್ದರೆ ಹೇಳಬಹುದು ಎಂದರು. ಎಲ್ಲರ ಕಣ್ಣೂ ಮಾವನ ಮೇಲೆ. ಅವರು ಎದ್ದು, “ಇವತ್ತಿನ ದಿನ ಇನ್ನೂ ಮುಗೀಲಿಲ್ಲ” ಎಂದು ಕೂತುಬಿಟ್ಟರು. ಕೆಲವರಿಗೆ ನಿರಾಶೆಯಾಯಿತು. ನನಗೂ ಆ ವಯಸ್ಸಿನಲ್ಲಿ ಆಗಿತ್ತು.

ಆಮೇಲೆ ಒಂದು ಶನಿವಾರ, ಮಳೆಗಾಲ ಬಲವಾಗಿ ಹಿಡಿದ ಮೇಲೆ, ಅತ್ತೆಗೆ ಜ್ವರ ಬಂತು. ಏಳಲಾಗದ ಜ್ವರ. ಬಟವಾಡೆಯ ದಿನ. ಗೇಟಿಗೆ ಹೋಗುವವರು ಯಾರು? ದರ್ಜಿ ಊರಲ್ಲಿರಲಿಲ್ಲ. ಅತ್ತೆ ನನ್ನನ್ನೇ ಅಯ್ಯನವರ ಮನೆಗೆ ಓಡಿಸಿದರು. ಅವರೂ ಇರಲಿಲ್ಲ. ಅಲ್ಲಿ ಕಾದು ಕೂತಿದ್ದವರು ಅಂದು ಸಿಟ್ಟಾಗಿದ್ದ ಆ ಹಿರಿಯರು, ಸಭೆಯ ಲೆಕ್ಕದ ಪುಸ್ತಕ ತಂದಿದ್ದರು. ಏನು ಅವಸರ ಎಂದು ಕೇಳಿದರು. ಹೇಳಿದೆ.

ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟು ಕೊಡೆ ತೆಗೆದುಕೊಂಡರು. ದಾರಿಯುದ್ದಕ್ಕೂ ನನ್ನೊಡನೆ ಮಾತಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಅತ್ತೆ ನಿಲ್ಲುವ ಜಾಗ ತೋರಿಸು ಎಂದರು. ತೋರಿಸಿದೆ. ಅಲ್ಲೇ ನಿಂತರು. ಗಂಟೆ ಬಾರಿಸಿತು, ಜನ ಹೊರಗೆ ಬಂದರು, ಕೊನೆಗೆ ಗಂಜಿಯ ಬುತ್ತಿ ಹಿಡಿದು ಮಾವ ಬಂದರು. ಅತ್ತೆಯ ಜಾಗದಲ್ಲಿ ಇವರನ್ನು ಕಂಡು ನಿಂತುಬಿಟ್ಟರು.

“ಅವರಿಗೆ ಜ್ವರ. ನಾನು ಬಂದೆ” ಎಂದರು ಹಿರಿಯರು.

ಮಾವ ಏನೂ ಕೇಳಲಿಲ್ಲ. ಸಂಬಳದ ಹಣವನ್ನು ಎರಡು ಕೈಯಲ್ಲಿ ಅವರಿಗೆ ಕೊಟ್ಟರು. ಹಿರಿಯರು ಎಣಿಸಿ, ಮೊತ್ತವನ್ನು ಗಟ್ಟಿಯಾಗಿ ಹೇಳಿ, ಒಳ ಕಿಸೆಯಲ್ಲಿಟ್ಟು ಗುಂಡಿ ಹಾಕಿಕೊಂಡರು. ಆಮೇಲೆ ಕೊಡೆ ಬಿಡಿಸಿ, “ನಿಮ್ಮ ದಾರಿ ಯಾವುದು?” ಎಂದು ಕೇಳಿದರು.