ಹದ್ದು ಎಣಿಸಿದ ಕ್ಯಾಷಿಯರ್

ಬ್ಯಾಂಕಿನ ಕೌಂಟರಿನಲ್ಲಿ ಕೂತು ನೋಟು ಎಣಿಸಿಯೇ ಕೂದಲು ಬೆಳ್ಳಗಾದವನು ನಾನು. ನಿವೃತ್ತಿಯಾದರೂ ಚಟ ಬಿಟ್ಟಿಲ್ಲ. ಮದುವೆಮನೆಯಲ್ಲಿ ಪಂಕ್ತಿಗೆ ಎಷ್ಟು ಎಲೆ ಬಿತ್ತು, ಬಸ್ಸಿನಲ್ಲಿ ಎಷ್ಟು ಜನ ನಿಂತಿದ್ದಾರೆ, ಎಲ್ಲವೂ ಲೆಕ್ಕಕ್ಕೆ ಸಿಗಬೇಕು. ಅಮೆರಿಕದ ಮಿನ್ನೆಸೋಟಾದಲ್ಲಿರುವ ಮಗಳು, "ಅಪ್ಪಾ, ನಿಮಗೆ ಹೇಳಿ ಮಾಡಿಸಿದ ಜಾಗ ಒಂದಿದೆ. ಅಲ್ಲಿ ಹಕ್ಕಿ ಎಣಿಸೋದೇ ಕೆಲಸ" ಎಂದಾಗ ಸಂತೋಷವಾಗಿಯೇ ಹೊರಟೆ.

ಅದು ಡುಲೂತ್ ಊರಿನ ಹಾಕ್ ರಿಡ್ಜ್ ಎಂಬ ದಿಣ್ಣೆ. ಕೆಳಗೆ ಸುಪೀರಿಯರ್ ಸರೋವರ. ತಣ್ಣನೆಯ ನೀರಿನ ಮೇಲೆ ಬಿಸಿಗಾಳಿ ಮೇಲೇಳುವುದಿಲ್ಲವಾದ್ದರಿಂದ ಬೇಟೆಹಕ್ಕಿಗಳು ಅದನ್ನು ದಾಟಲು ಹಿಂಜರಿಯುತ್ತವೆ. ಕೆನಡಾ ಕಡೆಯಿಂದ ದಕ್ಷಿಣಕ್ಕೆ ಹೊರಟವು ದಡ ಸಿಕ್ಕಿದೊಡನೆ ತಿರುಗಿ, ದಡದಗುಂಟ ಸಾಗಿ, ಸರೋವರದ ಪಶ್ಚಿಮದ ತುದಿಯಲ್ಲಿರುವ ಈ ದಿಣ್ಣೆಯ ಮೇಲೆಯೇ ಹಾಯುತ್ತವೆ. 1972ರಿಂದ ಇಲ್ಲಿ ಪ್ರತಿ ಶರತ್ಕಾಲ ಎಣಿಕೆ ನಡೆದಿದೆ. 2003ರ ಸೆಪ್ಟೆಂಬರ್ 15ರಂದು ಒಂದೇ ದಿನ ಲಕ್ಷಕ್ಕೂ ಹೆಚ್ಚು ಹಕ್ಕಿ ಹೋದವಂತೆ. ಲಕ್ಷ ಎಂದದ್ದೇ ನನ್ನ ಬೆರಳು ಚುರುಗುಟ್ಟಿದವು.

ಬಿಸಿಲೇರಿದಾಗ ಕಾಡಿನ ಮೇಲೆ ಬ್ರಾಡ್‌ವಿಂಗ್ಡ್ ಹಾಕ್‌ಗಳ ಗುಂಪೊಂದು ಎದ್ದಿತು. ರೆಕ್ಕೆ ಬಡಿಯದೆ ಬಿಸಿಗಾಳಿಯಲ್ಲಿ ಗಿರಗಿರ ಸುತ್ತುತ್ತ ಮೇಲೇರುತ್ತಿದ್ದವು. ಎಣಿಸುವ ಹುಡುಗಿ ದುರ್ಬೀನು ಹಿಡಿದು ಸುಮ್ಮನೆ ನಿಂತಿದ್ದಳು. ಕೈಯಲ್ಲಿದ್ದ ಕ್ಲಿಕ್ಕರ್ ಅಲುಗಲಿಲ್ಲ. ಇವಳಿಗೆ ಕೆಲಸ ಬರುವುದಿಲ್ಲ ಎಂದುಕೊಂಡೆ. ನಾನು ಬೆರಳು ಮಡಚುತ್ತ ಎಣಿಸಿದೆ, ಮುಗಿಸಿದವನೇ ಎಲ್ಲರಿಗೂ ಕೇಳುವಂತೆ "312" ಎಂದು ಕೂಗಿದೆ. ಮುನ್ನೂರು ಎಂದು ದುಂಡಗೆ ಹೇಳಿದರೆ ಕ್ಯಾಷಿಯರಿನ ಮರ್ಯಾದೆ ಏನಾಗಬೇಕು? ಪಕ್ಕದಲ್ಲಿದ್ದ ಪುಟ್ಟ ಹುಡುಗ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ. ನಿವೃತ್ತರ ವಾಟ್ಸಾಪ್ ಗುಂಪಿಗೂ ಸಂಖ್ಯೆ ಹೋಯಿತು.

ಆಮೇಲೆ ಸುತ್ತು ಮುರಿಯಿತು. ಎತ್ತರಕ್ಕೇರಿದ ಹಕ್ಕಿಗಳು ಒಂದೊಂದಾಗಿ ರೆಕ್ಕೆ ಚಾಚಿ, ಸಾಲುಗಟ್ಟಿ ನೈಋತ್ಯಕ್ಕೆ ಜಾರತೊಡಗಿದವು. ಆಗ ಕ್ಲಿಕ್ಕರ್ ಸದ್ದು ಮಾಡಿತು. ಕೊನೆಯ ಹಕ್ಕಿ ಹೋದ ಮೇಲೆ ಆಕೆ ನೋಡಿದಳು: 127. ನನ್ನ ಕಡೆ ತಿರುಗಿ ಬಹಳ ಮೆತ್ತಗೆ, "ಸುತ್ತುವಾಗ ಎಣಿಸಿದರೆ ಅದೇ ಹಕ್ಕಿ ಮತ್ತೆ ಮತ್ತೆ ಸಿಗುತ್ತೆ ಸರ್" ಎಂದಳು. ಬೈದಿದ್ದರೆ ವಾಸಿಯಿತ್ತು. ಹುಡುಗ ನನ್ನ ಮುಖ ನೋಡಿ, ರಬ್ಬರ್ ತೆಗೆದು, 312 ಅನ್ನು ಶ್ರದ್ಧೆಯಿಂದ ಅಳಿಸಿದ. ಮಗಳು ಸರೋವರ ನೋಡುವ ನೆಪದಲ್ಲಿ ಆಚೆ ಸರಿದಳು. ಅಷ್ಟರಲ್ಲಿ ಫೋನಿಗೆ ಹಳೆಯ ಸಹೋದ್ಯೋಗಿಯ ಶಭಾಷ್‌ಗಿರಿ: "ನಮ್ಮ ಸಾಹೇಬರು ಅಲ್ಲೂ ಕ್ಯಾಶ್ ಶಾರ್ಟ್ ಬರಗೊಡಲಿಲ್ಲ!"

ಶಾರ್ಟ್ ಬಂದಿರಲಿಲ್ಲ, ನಿಜ. ಆದರೆ ಹೆಚ್ಚು ಬಂದರೂ ಬ್ಯಾಂಕಿನಲ್ಲಿ ತಪ್ಪೇ. ಎಣಿಸಿದ ನೋಟು ಎಣಿಸದ ನೋಟಿನ ಜತೆ ಸೇರಬಾರದು ಎಂಬುದು ಕೌಂಟರಿನ ಮೊದಲ ಪಾಠ. ಅದನ್ನೇ ಎಷ್ಟೋ ಹೊಸಬರಿಗೆ ಗದರಿಸಿ ಕಲಿಸಿದ್ದೇನೆ. ಆಕೆ ನನ್ನ ಪಾಠವನ್ನು ನನಗೇ ಒಪ್ಪಿಸಿದ್ದಳು. ನಾನು ಸುತ್ತಿನಲ್ಲಿ ಮುಳುಗಿದ್ದಾಗ ಬೆನ್ನ ಹಿಂದೆ, ಮರಗಳ ಮಟ್ಟದಲ್ಲೇ, ಶಾರ್ಪ್‌ಶಿನ್ಡ್ ಹಾಕ್ ಎಂಬ ಪುಟ್ಟ ಬಿಜ್ಜುಗಳು ಹಾದುಹೋಗಿದ್ದವಂತೆ. ಅವುಗಳಲ್ಲಿ ಒಂದನ್ನೂ ನಾನು ಕಂಡಿರಲಿಲ್ಲ.

ನನ್ನ ಕಣ್ಣಿಗೆ ಅಷ್ಟೇನೂ ಅವಸರವಿರಲಿಲ್ಲ, ಅವಸರವೆಲ್ಲ ನಾಲಿಗೆಯದು. ಎಷ್ಟು ಎಂದು ಮೊದಲು ನಾನು ಹೇಳಬೇಕಿತ್ತು. ಸಂಖ್ಯೆಯಿಲ್ಲದೆ ಹತ್ತು ನಿಮಿಷ ನಿಲ್ಲುವುದು ಆ ಹುಡುಗಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಯಾಕೋ ತಮ್ಮ ನೆನಪಾದ. ಜಮೀನು ಪಾಲಾದ ವರ್ಷ ಅವನು ಒಂದು ಮಾತು ಆಡಿದ್ದ. ಅದು ತಲೆಯಲ್ಲಿ ಸುತ್ತಿ ಬಂದಾಗಲೆಲ್ಲ ಹೊಸ ತಪ್ಪೆಂದೇ ಖಾತೆಗೆ ಏರಿಸುತ್ತ ಬಂದಿದ್ದೇನೆ, ದೊಡ್ಡ ಮೊತ್ತವೇ ಆಗಿದೆ. ಊರಿಗೆ ಬಂದು ತಾಳ್ಮೆಯಿಂದ ಮತ್ತೆ ಎಣಿಸಿದೆ. ಒಂದೇ ಬಂತು. ಒಂದಕ್ಕಾಗಿ ಮಾತು ಬಿಡಬೇಕಾಗಿರಲಿಲ್ಲ ಎಂದು ನನಗೂ ಗೊತ್ತು. ಫೋನ್ ಮಾತ್ರ ಇನ್ನೂ ಮಾಡಿಲ್ಲ.