ಕಲಿಕೆಗೊಂದು ಬಜೆಟ್ ಸಾಲು

27 ಸೆಪ್ಟೆಂಬರ್ 2024, ಶುಕ್ರವಾರ

ಗೂಳೂರಿನ ಮಹಿಳಾ ಸ್ವಸಹಾಯ ಸಂಘದ ಸಭೆ ಮುಗಿದಾಗ ರಾತ್ರಿ ಎಂಟೂವರೆ. ಕುಣಿಗಲ್ ಕಡೆಯಿಂದ ತುಮಕೂರಿಗೆ ಬರುವ ಬಸ್ಸು ಸಿಕ್ಕಿದ್ದೇ ಪುಣ್ಯ.

ಇವತ್ತು ಸಾಲ ಕೇಳಿದವರು ಇಬ್ಬರು. ಸಂಘದಲ್ಲಿದ್ದ ದುಡ್ಡು ಒಬ್ಬರಿಗೆ ಮಾತ್ರ ಆಗುವಷ್ಟು. ಒಬ್ಬಾಕೆಯ ಬೋರ್‌ವೆಲ್ ಮೋಟಾರು ಸುಟ್ಟಿದೆ, ವೈಂಡಿಂಗ್ ಮಾಡಿಸಬೇಕು. ಇನ್ನೊಬ್ಬಾಕೆ ಮಗಳ ನರ್ಸಿಂಗ್ ಕಾಲೇಜಿಗೆ ಫೀಸು ಕಟ್ಟಬೇಕು. ನಮ್ಮ ಟ್ರಸ್ಟಿಗೆ ಸೇರಿದ ಹೊಸ ಹುಡುಗಿ ತುಮಕೂರು ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯು ಮುಗಿಸಿ ಬಂದವಳು, ಚುರುಕು. ಅವಳು ಪರಿಹಾರ ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಒತ್ತಿ ಸುಮ್ಮನಿರಿಸಿದೆ.

ಚಾಪೆಯ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ಅಜ್ಜಿ ಶುರುಮಾಡಿದರು: “ಮಳೆ ಇನ್ನೂ ಐತೆ ಕಣವ್ವ, ತೋಟ ಈಗ್ಲೇ ಒಣಗಲ್ಲ. ಕಾಲೇಜಿನೋರು ಮಳೆ ನೋಡ್ಕಂಡ್ ಕೂತಿರ್ತಾರಾ?”

ಮೋಟಾರಿನವಳ ಮುಖ ಸಣ್ಣದಾಯಿತು. ಆದರೂ ಅವಳು ಎದ್ದು ಹೋಗಲಿಲ್ಲ. ಮುಂದಿನ ತಿಂಗಳು ಬರುವ ಕಂತಿನ ಹಣ ಮೊದಲು ಅವಳಿಗೇ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ, ಎಲ್ಲರ ಸಹಿ ಹಾಕಿಸಿಕೊಂಡೇ ಹೊರಟಳು.

ಬಸ್ಸಿನಲ್ಲಿ ಹುಡುಗಿ ಕೇಳಿದಳು, “ಅಕ್ಕಾ, ನಾವು ಏನೂ ಮಾಡ್ಲೇ ಇಲ್ವಲ್ಲ?” ಯಾರು ಮೊದಲು ಮಾತಾಡಿದರು, ಯಾರ ಕಂತು ಬಾಕಿಯಿದೆ, ತೀರ್ಮಾನ ಆಗುವ ಮುಂಚೆ ಎಲ್ಲರೂ ಯಾರ ಮುಖ ನೋಡಿದರು, ಇಷ್ಟನ್ನೂ ಬರೆದಿಡು ಎಂದೆ. ನಮ್ಮ ಕೆಲಸದ ಕಸುಬು ಇರುವುದು ಅಲ್ಲಿ. ಅದನ್ನು ಕಲಿಯಲು ವರ್ಷಗಳು ಬೇಕು. ಹೊರಗಿನವರಿಗೆ ಮಾತ್ರ ನಾವು ಸುಮ್ಮನೆ ಕೂತು ಎದ್ದು ಬಂದ ಹಾಗೆ ಕಾಣುತ್ತದೆ.

30 ಸೆಪ್ಟೆಂಬರ್, ಸೋಮವಾರ

ಆಡಿಟ್. ಇವತ್ತೇ ಕೊನೆ ಎಂದು ಎಲ್ಲರೂ ಒದ್ದಾಡುತ್ತಿದ್ದೆವು. ವರದಿ ಸಲ್ಲಿಸುವ ಗಡುವು ಅಕ್ಟೋಬರ್ 7ರವರೆಗೆ ಮುಂದೆ ಹೋಗಿದೆ ಎಂದು ಆಡಿಟರು ಫೋನ್ ಮಾಡಿದಾಗ ಉಸಿರು ಬಂತು. ನಮ್ಮಂಥ ಸಣ್ಣ ಟ್ರಸ್ಟಿಗೆ 10ಬಿಬಿ ನಮೂನೆ.

ಸಭೆಯ ಚಹಾ ಬಿಸ್ಕತ್ತಿನ ಖರ್ಚಿಗೆ ಬಿಲ್ ಎಲ್ಲಿ ಅಂದರು. ಊರಿನ ಗೂಡಂಗಡಿಯಲ್ಲಿ ಬಿಲ್ ಎಲ್ಲಿಂದ ತರುವುದು? ನಗದು ವೋಚರಿಗೆ ಅಂಗಡಿಯಾಕೆಯ ಸಹಿ, ಜೊತೆಗೆ ಅದೇ ದಿನದ ಹಾಜರಿ ಪಟ್ಟಿ. ಎರಡನ್ನೂ ಪಕ್ಕಪಕ್ಕ ಇಟ್ಟೆ, ಒಪ್ಪಿದರು. ಕ್ಷೇತ್ರ ಕಾರ್ಯಕರ್ತೆಯಾಗಿ ಸೇರಿದ ನನಗೆ ಲೆಡ್ಜರು, ಟಿಡಿಎಸ್, 12ಎ ನವೀಕರಣ ಎಲ್ಲ ಬಂದದ್ದು ಹೀಗೇ. ಕಚೇರಿಯಲ್ಲಿ ಇರುವ ನಾಲ್ಕು ಜನವೇ ಎಲ್ಲ ಕೆಲಸಕ್ಕೂ ಬೇಕು. ಆ ಚಹಾ ಕುಡಿದವರು ಯಾರೆಂದು ಗೊತ್ತಿದ್ದು ಲೆಕ್ಕ ಬರೆಯುವುದು ಬೇರೆಯೇ ವಿದ್ಯೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ.

9 ಅಕ್ಟೋಬರ್, ಬುಧವಾರ

ಜೊತೆಗಾರನೊಬ್ಬ ಬೆಂಗಳೂರಿನ ಕಂಪನಿಯ ಸಿಎಸ್‌ಆರ್ ವಿಭಾಗಕ್ಕೆ ಹೊರಟ. ಸಂಬಳ ಇಲ್ಲಿಗಿಂತ ಎರಡರಷ್ಟು. ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ, ಹೋಗಲಿ, ಚೆನ್ನಾಗಿರಲಿ. ಅವನಿಗೆ ಇದು ಬೆಳವಣಿಗೆಯೇ. ಆದರೆ ಬೆಳೆಯಬೇಕಾದರೆ ಬಿಟ್ಟೇ ಹೋಗಬೇಕು ಎನ್ನುವ ಸ್ಥಿತಿ ನನಗೆ ಒಪ್ಪಿಗೆಯಿಲ್ಲ.

ರಾತ್ರಿ ಮೈರಾಡಾದ ಹಳೆಯ ಕಥೆ ಮತ್ತೆ ನೆನಪಾಯಿತು. 1968ರಲ್ಲಿ ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆಂದು ಶುರುವಾದ ಸಂಸ್ಥೆ. ಎಂಬತ್ತರ ದಶಕದ ನಡುವೆ ಅವರು ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ಸದಸ್ಯರು ಪರಸ್ಪರ ನಂಬಿಕೆಯಿದ್ದವರಷ್ಟೇ ಸೇರಿ ಸಣ್ಣ ಗುಂಪುಗಳಾದರು. ಅದನ್ನು ಸೋಲೆಂದು ಬರೆದು ಕಡತ ಮುಚ್ಚಬಹುದಿತ್ತು. ಅವರು ಹಾಗೆ ಮಾಡದೆ ಆ ಗುಂಪುಗಳ ಜೊತೆ ಕೂತು ಕಲಿತರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಬಂತು. ಇವತ್ತು ನಮ್ಮ ಸಂಘದವರು ಬ್ಯಾಂಕ್ ಮ್ಯಾನೇಜರ್ ಎದುರು ಕುರ್ಚಿ ಎಳೆದುಕೊಂಡು ಕೂರುವುದರ ಹಿಂದೆ, ಕಣ್ಣಿಗೆ ಬಿದ್ದದ್ದನ್ನು ಕಸುಬಿನವರ ಹಾಗೆ ಗಮನಿಸಿದ ಕಾರ್ಯಕರ್ತರಿದ್ದಾರೆ. ಅವರಿಗೆ ಕಲಿಯಲು ಸಮಯವಿತ್ತು, ಆ ಸಮಯಕ್ಕೆ ದುಡ್ಡು ಕೊಟ್ಟವರೂ ಇದ್ದರು.

2 ನವೆಂಬರ್, ಶನಿವಾರ, ಬಲಿಪಾಡ್ಯಮಿ

ಗೂಳೂರಿನ ಮಹಾಗಣಪತಿ ಇವತ್ತು ಪೂಜೆಗೆ ಕೂತ. ಚೌತಿಯಿಂದ ಕೆರೆಯ ಮಣ್ಣಿನಲ್ಲಿ ಮೂರ್ತಿ ಮಾಡುತ್ತಿದ್ದರು. ಇನ್ನು ಕಾರ್ತೀಕ ಪೂರ್ತಿ ಜನವೋ ಜನ. ಗುಡಿಯ ಹತ್ತಿರ ಮೋಟಾರಿನವಳು ಸಿಕ್ಕಳು. ದುಡ್ಡು ಕೈಗೆ ಬಂದಿದೆ, ಮೋಟಾರು ಇಳಿಸಿದ್ದಾಗಿದೆಯಂತೆ. “ಬರ್ದಿದ್ದು ಒಳ್ಳೇದಾಯ್ತು ಬಿಡವ್ವ” ಅಂದಳು.

19 ನವೆಂಬರ್, ಮಂಗಳವಾರ

ಮುಂದಿನ ವರ್ಷದ ಪ್ರಸ್ತಾವನೆ ಬರೆಯುವ ಕೆಲಸ ಈ ಸಲ ನನ್ನದು. ಹಳೆಯ ಬಜೆಟ್ಟುಗಳನ್ನೆಲ್ಲ ತೆಗೆದು ನೋಡಿದೆ. ಸಂಘದವರ ತರಬೇತಿಗೆ ಹಣವಿದೆ, ಪ್ರಯಾಣಕ್ಕಿದೆ, ಬ್ಯಾನರಿಗೂ ಇದೆ. ಕಾರ್ಯಕರ್ತರು ಕಲಿಯುವುದಕ್ಕೆ ಒಂದು ಸಾಲೂ ಇಲ್ಲ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯಲ್ಲಿ ಆ ದೇಣಿಗೆಯ ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ನಮಗೆ ವಿದೇಶಿ ಹಣ ಬರುವುದಿಲ್ಲ. ಆದರೆ ಸಿಬ್ಬಂದಿಗೆ ಮಾಡುವ ಖರ್ಚೆಂದರೆ ದಂಡ ಎಂಬ ಭಾವನೆ ಇಲ್ಲಿಯ ದಾನಿಗಳಲ್ಲೂ ಇದೆ.

“ಸಿಬ್ಬಂದಿ ಕಲಿಕೆ” ಎಂದು ಸಾಲು ಸೇರಿಸಿ 60,000 ರೂಪಾಯಿ ಹಾಕಿದೆ. ಹೊಸಬರು ಹಳಬರ ಜೊತೆ ಮೂರು ತಿಂಗಳು ಸಭೆಗಳಲ್ಲಿ ಕೂರುವುದು, ಎಲ್ಲರಿಗೂ ಲೆಕ್ಕಪತ್ರದ ತರಬೇತಿ, ತಿಪಟೂರಿನಲ್ಲಿ ಬೈಫ್ ಸಂಸ್ಥೆಯವರ ಕೆಲಸ ನೋಡಿ ಬರುವುದು. ನಮ್ಮ ಟ್ರಸ್ಟಿನ ಮುಖ್ಯಸ್ಥರಾದ ಸರ್ ಓದಿ, “ಇದನ್ನ ಮೊದಲು ಹೊಡೀತಾರಮ್ಮ” ಅಂದರು. ಹೊಡೆದರೆ ಕಾರಣ ಬರೆದು ಕೊಡಲಿ ಸರ್, ನಾವಾಗಿಯೇ ತೆಗೆಯುವುದು ಬೇಡ ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಸಹಿ ಹಾಕಿದರು.

ಸಮರ್ಥನೆಯ ಪುಟಕ್ಕೆ ಹುಡುಗಿಯ ಟಿಪ್ಪಣಿ ಪುಸ್ತಕದಿಂದ ಎರಡು ಸಭೆಗಳ ವಿವರವನ್ನು, ಹೆಸರುಗಳನ್ನು ಬಿಟ್ಟು, ಟೈಪ್ ಮಾಡಿಸುತ್ತಿದ್ದೇನೆ. ಗುರುವಾರ ಪ್ರಸ್ತಾವನೆ ಹೋಗಬೇಕು.