ಮೋಆಬ್‌ನ ಕತ್ತಲು, ನಾಲ್ಕು ಸ್ವಿಚ್ಚು ಮತ್ತು ಅಪ್ಪ

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಿಂದ ಮೋಆಬ್‌ಗೆ ಸುಮಾರು ನಾಲ್ಕು ಗಂಟೆ ದಾರಿ. ಕಳೆದ ಅಕ್ಟೋಬರ್‌ನಲ್ಲಿ ಹಾಸನದಿಂದ ಅಪ್ಪ ಬಂದಿದ್ದಾಗ ಅಲ್ಲಿಗೆ ಕರೆದುಕೊಂಡು ಹೋದೆ. ಕೆಂಪು ಕಲ್ಲಿನ ಕಮಾನುಗಳು ಒಂದು ನೆಪ ಅಷ್ಟೇ. ನನ್ನ ಹೊಸ ಪಿಕಪ್ ಟ್ರಕ್ ತೋರಿಸಬೇಕು ಅನ್ನೋದೇ ನಿಜವಾದ ಆಸೆ!

ನನ್ನದು ಜೀಪ್ ಗ್ಲಾಡಿಯೇಟರ್. ಡ್ಯಾಶ್‌ಬೋರ್ಡ್‌ನ ಕೆಳಭಾಗದಲ್ಲಿ ನಾಲ್ಕು ಹೆಚ್ಚುವರಿ ಸ್ವಿಚ್ಚುಗಳಿವೆ. ಎರಡು 40 ಆಂಪ್, ಎರಡು 15 ಆಂಪ್. ನಾವೇ ಹಾಕಿಸಿಕೊಂಡ ಲೈಟುಗಳನ್ನು ಇವಕ್ಕೆ ಜೋಡಿಸಬಹುದು. ಯಾವ ಸ್ವಿಚ್ಚು ಹೇಗೆ ಕೆಲಸ ಮಾಡಬೇಕು ಅನ್ನೋದನ್ನ ಟಚ್ ಸ್ಕ್ರೀನ್‌ನಲ್ಲೇ ಸೆಟ್ ಮಾಡಬಹುದು. ಒಮ್ಮೆ ಒತ್ತಿದರೆ ಉರಿಯುತ್ತಲೇ ಇರಬೇಕಾ, ಬೆರಳಿಟ್ಟಷ್ಟು ಹೊತ್ತು ಮಾತ್ರವಾ? ಕರೆಂಟು ನೇರ ಬ್ಯಾಟರಿಯಿಂದ ಬರಬೇಕಾ, ಇಗ್ನಿಷನ್ ಆನ್ ಇದ್ದಾಗ ಮಾತ್ರವಾ? ಗಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಲೈಟು ತಾನಾಗೇ ಹತ್ತಿಕೊಳ್ಳಬೇಕಾ?

ಕೊಲೊರಾಡೊ ನದಿಯ ದಡದಲ್ಲಿ ಟೆಂಟ್ ಹಾಕಿದೆವು. ಅಪ್ಪ ರಾತ್ರಿ ಎದ್ದರೆ ಎಡವಬಾರದು ಅಂತ ಟ್ರಕ್ಕಿನ ಹಿಂದಿನ ಲೈಟು ಹಾಕಿಟ್ಟೆ.

‘ಗಾಡಿ ಆಫ್ ಮಾಡಿದ್ಮೇಲೂ ಉರಿಯುತ್ತೇನೋ?’ ಅಂದರು. 30 ವರ್ಷ ಲೈನ್‌ಮ್ಯಾನ್ ಆಗಿದ್ದವರು.

‘ಹೂಂ ಅಪ್ಪ, ಬ್ಯಾಟರಿಗೆ ಸೆಟ್ ಮಾಡಿದೀನಿ. ಎಲ್‌ಇಡಿ ಅಲ್ವಾ, ಏನಾಗಲ್ಲ.’

ಅಪ್ಪ ಮತ್ತೇನೂ ಹೇಳಲಿಲ್ಲ.

ಬೆಳಗ್ಗೆ ಬಟನ್ ಒತ್ತಿದರೆ ಟಿಕ್ ಟಿಕ್ ಸದ್ದು ಬಿಟ್ಟರೆ ಏನಿಲ್ಲ. 60 ವ್ಯಾಟ್ ಲೈಟು 12 ವೋಲ್ಟ್ ಬ್ಯಾಟರಿಯಿಂದ ಗಂಟೆಗೆ 5 ಆಂಪ್-ಅವರ್ ಎಳೆಯುತ್ತೆ. 10 ಗಂಟೆಗೆ 50. ಮೇಲೆ ಮರುಭೂಮಿಯ ಚಳಿ. ಈ ಗುಣಾಕಾರ ನಾನು ಹಿಂದಿನ ರಾತ್ರಿ ಮಾಡಬೇಕಿತ್ತು.

ಫೋನಿಗೆ ಸಿಗ್ನಲ್ ಇಲ್ಲ. ಅಪ್ಪನಿಗೆ ಶುಗರ್, ಹೊತ್ತಿಗೆ ಸರಿಯಾಗಿ ತಿನ್ನಬೇಕು. ಇದ್ದದ್ದು ನಾಲ್ಕು ಬ್ರೆಡ್ ತುಂಡು, ಅರ್ಧ ಬಾಟಲಿ ನೀರು. ರಸ್ತೆಯಲ್ಲಿ ನಡೆದು ಹೋಗಿ ಯಾರನ್ನಾದರೂ ಕರೆತರಲಾ ಅಂದರೆ ಅಪ್ಪ ಒಪ್ಪಲಿಲ್ಲ. ‘ಇಬ್ರೂ ಒಂದೇ ಕಡೆ ಇರೋಣ ಕಣೋ’ ಅಂದರು. ಆಗ ಅವರ ಕೈ ಸಣ್ಣಗೆ ನಡುಗುತ್ತಿದ್ದುದು ಕಂಡಿತು. ಚಳಿಗೋ ಶುಗರ್‌ಗೋ ಗೊತ್ತಾಗಲಿಲ್ಲ. ಬ್ರೆಡ್ಡನ್ನೆಲ್ಲ ಅವರಿಗೇ ಕೊಟ್ಟೆ. ಹೊಸ ಟ್ರಕ್ಕಿನ ಜಂಬವೆಲ್ಲ ಇಳಿದುಹೋಗಿತ್ತು.

ಎರಡು ಗಂಟೆ ಕಳೆದ ಮೇಲೆ ವಯಸ್ಸಾದ ದಂಪತಿ ವ್ಯಾನ್ ನಿಲ್ಲಿಸಿದರು. ಜಂಪರ್ ಕೇಬಲ್ ನಮ್ಮಲ್ಲಿತ್ತು. ಅಪ್ಪ ನನ್ನ ಕೈಗೆ ಕೊಡಲಿಲ್ಲ, ತಾವೇ ಹಾಕಿದರು. ಕೆಂಪು ಪ್ಲಸ್‌ನಿಂದ ಪ್ಲಸ್‌ಗೆ, ಕಪ್ಪು ಅವರ ಮೈನಸ್‌ಗೆ, ಕೊನೆಯ ಕ್ಲಿಪ್ಪು ಬ್ಯಾಟರಿಯಿಂದ ದೂರ, ನಮ್ಮ ಗಾಡಿಯ ಬರಿ ಲೋಹಕ್ಕೆ. ಭಾಷೆ ಬಾರದಿದ್ದರೂ ವ್ಯಾನಿನ ಅಜ್ಜನಿಗೆ ಕೈಸನ್ನೆಯಲ್ಲೇ ‘ಈಗ ಸ್ಟಾರ್ಟ್ ಮಾಡಿ’ ಅಂದರು. ನಮ್ಮ ಗಾಡಿ ಗುರ್ ಅಂದಿತು.

ಬೈಗುಳಕ್ಕೆ ಕಾಯುತ್ತಿದ್ದೆ. ‘ಲೈಟಿಂದು ತಪ್ಪಿಲ್ಲ. ಎಲ್ಲಿಂದ ಕರೆಂಟು ಬರ್ತಿದೆ ಅಂತ ನೋಡ್ಕೋಬೇಕು’ ಅಂದರು, ಅಷ್ಟೇ.

ಊಟ ಮಾಡಿದ ಮೇಲೆ ಪಕ್ಕದಲ್ಲಿ ಕೂತು ನಾಲ್ಕೂ ಸ್ವಿಚ್ಚನ್ನು ಮತ್ತೆ ಸೆಟ್ ಮಾಡಿಸಿದರು. ಎಲ್ಲವೂ ಇಗ್ನಿಷನ್‌ಗೆ. ಮೇಲಿನ ಲೈಟ್ ಬಾರ್‌ಗೆ ಹಳೆಯ ಸ್ಥಿತಿ ನೆನಪಿಡುವ ಆಯ್ಕೆ ಬೇಡವೇ ಬೇಡ. ಊರೊಳಗೆ ಸ್ಟಾರ್ಟ್ ಮಾಡಿದ ಕೂಡಲೇ ಹತ್ತಿಕೊಂಡು ಎದುರಿನವರ ಕಣ್ಣು ಕುಕ್ಕಿದರೆ?

ಅಂದು ರಾತ್ರಿ ಆರ್ಚಸ್ ರಾಷ್ಟ್ರೀಯ ಉದ್ಯಾನದ ಬ್ಯಾಲೆನ್ಸ್ಡ್ ರಾಕ್ ಹತ್ತಿರ ಟ್ರಕ್ ನಿಲ್ಲಿಸಿದೆವು. ಕತ್ತಲನ್ನು ಕಾಪಾಡಿಕೊಂಡಿದ್ದಕ್ಕೇ 2019ರಲ್ಲಿ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಮಾನ್ಯತೆ ಪಡೆದ ಜಾಗ ಅದು. ಇಗ್ನಿಷನ್ ಆಫ್ ಮಾಡಿದೆ. ನಾಲ್ಕು ಸ್ವಿಚ್ಚೂ ಸುಮ್ಮನಾದವು. ತಲೆಯ ಮೇಲೆ ಆಕಾಶಗಂಗೆ.

ಅಪ್ಪ ತುಂಬಾ ಹೊತ್ತು ಮೇಲೆ ನೋಡುತ್ತಿದ್ದರು. ‘ನಮ್ಮೂರಿಗೆ ಕರೆಂಟು ಬರೋಕೆ ಮುಂಚೆ ಹಿಂಗೇ ಕಾಣ್ತಿತ್ತು’ ಅಂದರು.

ಮೋಆಬ್‌ಗೆ ಹೋಗುವವರಿದ್ದರೆ ಜಂಪರ್ ಕೇಬಲ್, ಬೇಕಾದ್ದಕ್ಕಿಂತ ದುಪ್ಪಟ್ಟು ನೀರು, ಮಂದ ಕೆಂಪು ಬೆಳಕಿನ ಟಾರ್ಚ್ ಇಟ್ಟುಕೊಳ್ಳಿ. ಸಾಧ್ಯವಾದರೆ ಅಪ್ಪನನ್ನೂ ಕರೆದುಕೊಂಡು ಹೋಗಿ.